ಎಂಬತ್ತನಾಲ್ಕು ಕಿಲೋ ಮರಳು

ಅದೇ ಗಾಡಿ ಮೂರನೆಯ ಸಲವೂ ಗ್ಯಾರೇಜಿನ ಬಾಗಿಲಲ್ಲಿ ಬಂದು ನಿಂತಾಗ ಮೇಸ್ತ್ರಿಗೆ ಸಿಟ್ಟು ಬರಲಿಲ್ಲ, ಸುಸ್ತಾಯಿತು. ಸಿಟ್ಟು ಮಾಡಿಕೊಳ್ಳುವುದಕ್ಕೂ ಮೈಯಲ್ಲಿ ಒಂದಿಷ್ಟು ಕಸುವು ಬೇಕಲ್ಲ. ಇಪ್ಪತ್ತೆರಡು ವರ್ಷ ಕಂಡವರ ಕಾರುಗಳ ಅಡಿಯಲ್ಲಿ ಕತ್ತು ಎತ್ತಿ ದುಡಿದವನು ಅವನು. ಈಗ ಕತ್ತು ಬಗ್ಗಿಸಿ ಊಟ ಮಾಡುವುದೇ ಅವನಿಗೆ ಕಷ್ಟವಾಗಿತ್ತು.

ಗಾಡಿ ಅವನ ಭಾವನದು, ಅಂದರೆ ಅಕ್ಕನ ಗಂಡನದು. ಭಾನುವಾರ ರೇಸಿನ ಟ್ರ್ಯಾಕ್ ಮೇಲೆ ಓಡಿಸಲೆಂದೇ ಇಟ್ಟುಕೊಂಡ, ನೆಲಕ್ಕೆ ಹೊಟ್ಟೆ ತಾಗಿಸಿಕೊಂಡು ಹೋಗುವ ಎರಡು ಸೀಟಿನ ಹಗುರ ಕಾರು. ಅಕ್ಕ ಅದನ್ನು ಸವತಿ ಎಂದೇ ಕರೆಯುತ್ತಿದ್ದಳು. ಅದರ ಮುಂದಿನ ಒಂದು ಟೈರು, ಚಾಲಕ ಕೂರುವ ಕಡೆಯದು, ಒಳ ಅಂಚಿನಲ್ಲಿ ಮಾತ್ರ ಸವೆಯುತ್ತಿತ್ತು. ಹೊರ ಅಂಚು ನಿನ್ನೆ ಕೊಂಡ ಹಾಗಿದೆ, ಒಳಗಡೆ ಅಂಗೈ ಸವರಿದರೆ ಗರಗಸದ ಹಲ್ಲು. ಎರಡು ಸಲ ಚಕ್ರದ ಕೋನ ಸರಿ ಮಾಡಿ ಕಳಿಸಿದ್ದ. ಯಂತ್ರದ ಪರದೆಯ ಮೇಲೆ ಎಲ್ಲ ಅಂಕಿಗಳೂ ಹಸಿರಾಗಿದ್ದವು. ಆದರೂ ಗಾಡಿ ವಾಪಸ್.

ಯಜಮಾನರು ಹೋದ ಸಲವೇ ನಗುನಗುತ್ತ ಹೇಳಿದ್ದರು. "ಮೇಸ್ತ್ರಿ, ಇನ್ನೊಂದ್ಸಲ ಇದು ಬಂದ್ರೆ ಅಲೈನ್‌ಮೆಂಟ್ ಬೇರೆಯವರು ಮಾಡ್ಲಿ. ನೀವು ಪಂಕ್ಚರ್ ಕಡೆ ನೋಡ್ಕೊಳ್ಳಿ, ಆರಾಮಾಗಿರುತ್ತೆ."

ಆರಾಮವಂತೆ! ಕೂದಲೆಳೆಯಷ್ಟು ವಾರೆಯನ್ನು ಬರಿಗಣ್ಣಲ್ಲೇ ಹಿಡಿಯುತ್ತಿದ್ದವನಿಗೆ ಪಂಕ್ಚರ್ ಅಂಟಿಸುವ ಆರಾಮ. ಹಾಗಂತ ಬಾಯಿಬಿಟ್ಟು ಅಂದಿರಲಿಲ್ಲ. ಒಂದು ವಾರದಿಂದ ಅವನಿಗೇ ತನ್ನ ಕೈಯ ಮೇಲೆ ಅನುಮಾನ ಶುರುವಾಗಿತ್ತು.

"ಬಂದ್ಯಾ ಮತ್ತೆ ನನ್ನ ಮಾನ ತೆಗೆಯೋಕೆ," ಎಂದ ಕಾರಿಗೆ.

"ಗಾಡೀನ ಯಾಕೆ ಬಯ್ತೀಯ, ನನ್ನನ್ನೇ ಬಯ್ಯಿ," ಎನ್ನುತ್ತ ಭಾವ ಇಳಿದರು. ಸೆಕೆಗೆ ಎಲ್ಲರೂ ಅಂಗಿಯ ಗುಂಡಿ ಬಿಚ್ಚಿಕೊಂಡು ಓಡಾಡುತ್ತಿದ್ದ ದಿನ ಭಾವ ದಪ್ಪ ಜಾಕೆಟ್ ತೊಟ್ಟಿದ್ದರು. ರೇಸಿನವರ ಷೋಕಿ ಎಂದುಕೊಂಡ ಮೇಸ್ತ್ರಿ.

ಇಂಥ ಕಾರುಗಳಿಗೊಂದು ರೀತಿಯಿದೆ. ಓಡಿಸುವವರು ಎಷ್ಟು ತೂಗುತ್ತಾರೋ ಅಷ್ಟು ಮರಳಿನ ಚೀಲಗಳನ್ನು ಅವರ ಸೀಟಿನ ಮೇಲೆ ಕೂರಿಸಿಯೇ ಚಕ್ರ ಸರಿ ಮಾಡಬೇಕು. ಗಾಡಿ ಅಷ್ಟು ಹಗುರ, ಮನುಷ್ಯ ಕೂತರೆ ಒಂದು ಕಡೆ ತಗ್ಗುತ್ತದೆ. ಖಾಯಂ ಗಿರಾಕಿಗಳ ತೂಕವೆಲ್ಲ ಗೋಡೆಯ ಮೇಲೆ ಬಣ್ಣದಲ್ಲಿ ಬರೆದಿತ್ತು. ಭಾವನ ಮುಂದೆ ಎಂಬತ್ತನಾಲ್ಕು. ಹತ್ತು ಕಿಲೋದ ಎಂಟು ಚೀಲ, ನಾಲ್ಕು ಕಿಲೋದ ಒಂದು ಮರಿ. 'ನನ್ನ ಗಂಡನಿಗಿಂತ ಆ ಮೂಟೆಗಳೇ ವಾಸಿ, ಗೊರಕೆ ಹೊಡೆಯಲ್ಲ' ಎಂದು ಅಕ್ಕ ನಗಿಸಿದ್ದಳು. ಹೋದ ಸಲ ಭಾವ, "ಡಯಟ್ ಮಾಡ್ತಿದ್ದೀನಪ್ಪಾ, ನಾಲ್ಕು ಕಿಲೋ ಇಳಿದಿದ್ದೀನಿ," ಎಂದಿದ್ದರು. ಅಕ್ಕನೂ ಫೋನಿನಲ್ಲಿ ಅದನ್ನೇ ಹೇಳಿ ಬೀಗಿದ್ದಳು. ಮೇಸ್ತ್ರಿ ಮರಿಚೀಲವನ್ನು ಬದಿಗಿಟ್ಟು ಎಂಬತ್ತಕ್ಕೇ ಕೆಲಸ ಮಾಡಿದ್ದ.

ಈ ಸಲ ಚೀಲಗಳನ್ನೇ ತೂಗಿದ. ಸರಿಯಾಗಿ ಎಂಬತ್ತು. ಕಾರಿನ ನಾಲ್ಕು ಚಕ್ರಗಳ ಕೆಳಗೆ ನಾಲ್ಕು ತೂಕದ ಹಲಗೆಗಳನ್ನಿಟ್ಟು ಅವನ್ನೂ ಪರೀಕ್ಷಿಸಿದ. ಸರಿಯಾಗಿದ್ದವು.

"ಭಾವ, ನೀವೇ ಬಂದು ಕೂತ್ಕೊಳ್ಳಿ."

"ಮೂಟೆ ಇದೆಯಲ್ಲೋ. ನಾನ್ಯಾಕೆ?"

"ಮೂಟೆ ಗಾಡಿ ಓಡಿಸಲ್ಲ, ಭಾವ. ಒಂದೇ ನಿಮಿಷ. ನನ್ನ ಕೈ ಸರಿಯಿದೆ ಅಂತ ಗೊತ್ತಾಗ್ಬೇಕು ನಂಗೆ. ಇಲ್ಲಾಂದ್ರೆ ನಾಳೆಯಿಂದ ಪಂಕ್ಚರ್ ಹಾಕ್ತಾ ಕೂರ್ಬೇಕು."

ಭಾವ ಅತ್ತಿತ್ತ ನೋಡಿದರು, ಫೋನ್ ತೆಗೆದು ಸುಮ್ಮನೆ ನೋಡಿ ಮತ್ತೆ ಜೇಬಿಗಿಟ್ಟರು. ಆಮೇಲೆ ಬಾಗಿಲಿನ ಅಂಚು ಹಿಡಿದು ನಿಧಾನವಾಗಿ ಸೀಟಿಗಿಳಿದರು.

ಮೇಸ್ತ್ರಿ ಅಂಕಿಗಳನ್ನು ಕೂಡಿದ, ಗಾಡಿಯ ತೂಕ ಕಳೆದ. ಅರವತ್ತಾರು ಬಂತು. ಇನ್ನೊಮ್ಮೆ ಕೂಡಿ ಕಳೆದ. ಜಾಕೆಟ್ಟು, ಬೂಟು ಎಲ್ಲ ಸೇರಿ ಅರವತ್ತಾರೇ. ಪರದೆಯ ಮೇಲೆ ಆ ಚಕ್ರದ ಅಂಕಿ ಕೆಂಪಾಗಿತ್ತು. ಗಾಡಿ ತಗ್ಗಬೇಕಾದಷ್ಟು ತಗ್ಗಿರಲಿಲ್ಲ.

ಮೊದಲು ಅವನಿಗಾದದ್ದು ಸಂತೋಷವೇ. ತಪ್ಪು ತನ್ನದಲ್ಲ, ಕೈ ಕೆಟ್ಟಿಲ್ಲ! ಮರುಕ್ಷಣ ತಲೆಯೆತ್ತಿ ಭಾವನನ್ನು ನೋಡಿದ. ಸೀಟಿನಲ್ಲಿ ಕೂತವರ ಕೊರಳು ಜಾಕೆಟ್ಟಿನ ಕಾಲರಿನೊಳಗೆ ಕಡ್ಡಿಯಂತಿತ್ತು. ಟೈರಿನ ಅಂಚನ್ನು ಮೂರು ಸಲ ಸವರಿ ನೋಡಿದವನು ಮನುಷ್ಯನನ್ನು ಒಂದು ಸಲವೂ ನೆಟ್ಟಗೆ ನೋಡಿರಲಿಲ್ಲ.

"ಏನಿದು ಭಾವ?"

"ಹೊಟ್ಟೇಲಿ ಗಂಟಿದೆಯಂತೆ." ಭಾವ ಸ್ಟಿಯರಿಂಗ್ ಹಿಡಿದೇ ಹೇಳಿದರು. "ಬೇಗ ಕುಯ್ಯಬೇಕು ಅಂದ್ರು ಡಾಕ್ಟ್ರು. ಮಗಳ ಪರೀಕ್ಷೆ ಮುಗೀಲಿ ಅಂತ... ನಿನ್ನಕ್ಕನ್ನ ನೀನೇ ನೋಡಿದ್ದೀಯಲ್ಲ, ಸೀನಿದ್ರೆ ಮನೆ ತಲೆ ಮೇಲೆ ಹೊತ್ಕೋತಾಳೆ."

"ಎಷ್ಟು ದಿನ ಆಯ್ತು?"

"ಮೊದಲನೇ ಸಲ ಗಾಡಿ ತಂದಿದ್ನಲ್ಲ, ಅದಕ್ಕೂ ಮೊದಲೇ." ಭಾವ ಗೋಡೆಯ ಮೇಲಿನ ಎಂಬತ್ತನಾಲ್ಕರ ಕಡೆ ನೋಡಿದರು. "ಒಂದು ಕೆಲಸ ಮಾಡು. ಅರವತ್ತಕ್ಕೆ ಇಟ್ಬಿಡು. ಇನ್ನೂ ಇಳಿಯುತ್ತೆ. ಮತ್ತೆ ಮತ್ತೆ ಬಂದು ನಿನ್ನ ಹೆಸರು ಕೆಡಿಸೋದು ಬೇಡ."

ಮೇಸ್ತ್ರಿಗೆ ಈಗ ಸಿಟ್ಟು ಬಂತು. ಎಲ್ಲಿತ್ತೋ ಅಷ್ಟು ಸಿಟ್ಟು. ಕಾರಿನ ಕೀಲಿ ಕಿತ್ತುಕೊಂಡು ಜೇಬಿಗೆ ಹಾಕಿದ.

"ಇಳೀರಿ. ಅಕ್ಕಂಗೆ ಫೋನ್ ಮಾಡಿ."

"ಕೀ ಕೊಡೋ."

"ಫೋನ್ ಮಾಡಿ ಭಾವ. ಅಕ್ಕ ನನಗೆ ಫೋನ್ ಮಾಡಿ ಅಳೋವರೆಗೂ ಕೀ ಕೊಡಲ್ಲ."

ಭಾವ ಗಿರಾಕಿಗಳು ಕಾಯುವ ಗಾಜಿನ ಕೋಣೆಗೆ ಹೋಗಿ ಕೂತರು. ಮೇಸ್ತ್ರಿ ಎಂಟು ಚೀಲಗಳನ್ನು ಒಂದೊಂದಾಗಿ ಹೊತ್ತು ಸೀಟಿಗೆ ಹಾಕಿದ. ಮೂಲೆಯಲ್ಲಿ ಧೂಳು ಹಿಡಿದಿದ್ದ ಮರಿಚೀಲವನ್ನೂ ತಂದು ಮೇಲಿಟ್ಟ. ಬೆನ್ನು ಕಿತ್ತುಬರುತ್ತಿತ್ತು. ಗಾಡಿಯ ಅಡಿ ಸೇರಿ ಎಂಬತ್ತನಾಲ್ಕು ಕಿಲೋದ ಮನುಷ್ಯನಿಗೆ ಒಪ್ಪುವ ಹಾಗೆ ಚಕ್ರ ತಿರುಗಿಸಿ ಬಿಗಿ ಮಾಡಿದ. ಇದು ತಪ್ಪು ಕೆಲಸ, ಟೈರು ಇನ್ನೂ ಬೇಗ ಸವೆಯುತ್ತದೆ ಎಂದು ಅವನಿಗಿಂತ ಚೆನ್ನಾಗಿ ಬಲ್ಲವರು ಅಲ್ಲಿ ಯಾರೂ ಇರಲಿಲ್ಲ.

ಹೊರಗೆ ಬಂದಾಗ ಯಜಮಾನರು ನಿಂತಿದ್ದರು.

"ಗೊತ್ತಾಯ್ತಾ ಮೇಸ್ತ್ರಿ, ಯಾರ ತಪ್ಪು ಅಂತ?"

ಅರವತ್ತಾರು ಎಂದು ಬರೆದುಕೊಂಡಿದ್ದ ಅಳತೆಯ ಚೀಟಿ ಅವನ ಜೇಬಿನಲ್ಲೇ ಇತ್ತು. ತೆಗೆದು ತೋರಿಸಿದ್ದರೆ ಮುಗಿಯುತ್ತಿತ್ತು. ಗಾಜಿನಾಚೆ ಭಾವ ಫೋನ್ ಕಿವಿಗಿಟ್ಟುಕೊಂಡೇ ಜಾಕೆಟ್ಟು ಬಿಚ್ಚುತ್ತಿದ್ದರು. ಆ ತೋಳುಗಳನ್ನು ಇಡೀ ಗ್ಯಾರೇಜು ತಿರುಗಿ ನೋಡುವುದು ಅವನಿಗೆ ಬೇಡವಾಗಿತ್ತು.

"ನಂದೇ ಸಾರ್," ಎಂದ. "ನಾನೇ ಸರಿಯಾಗಿ ನೋಡ್ಲಿಲ್ಲ."

ಅಷ್ಟರಲ್ಲಿ ಅವನ ಫೋನ್ ಬಡಿದುಕೊಂಡಿತು. ಅಕ್ಕ. ಎಣ್ಣೆಗೈಯನ್ನು ಪ್ಯಾಂಟಿಗೆ ಒರೆಸಿಕೊಂಡು, ಯಜಮಾನರಿಗೆ ಬೆನ್ನು ಹಾಕಿ, ಎತ್ತಿಕೊಂಡ.