ಹತ್ತು ಹನ್ನೆರಡರಲ್ಲಿ ನಲವತ್ತು ದಿನ

ಮನೆ ಅಂದರೆ ಒಂದೇ ಕೋಣೆ. ಅಗಲ ಹತ್ತಡಿ, ಉದ್ದ ಹನ್ನೆರಡಡಿ. ಒಂದು ಮೂಲೆಯಲ್ಲಿ ಒಲೆ, ಇನ್ನೊಂದು ಮೂಲೆಯಲ್ಲಿ ಬಚ್ಚಲು. ಉಳಿದದ್ದನ್ನು ನಡುಮನೆ ಅಂದರೆ ನಡುಮನೆ, ಮಲಗುವ ಕೋಣೆ ಅಂದರೆ ಮಲಗುವ ಕೋಣೆ. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದು ಹಿರಿಯರು ಹೇಳಿದ್ದನ್ನು ಇಲ್ಲಿ ಯಾರೂ ನೆನಪಿಸಬೇಕಾಗಿರಲಿಲ್ಲ. ಗೇಣುದ್ದ ಹೆಚ್ಚು ಚಾಚಿದರೆ ಹೆಬ್ಬೆರಳು ಬಾಗಿಲಿಗೆ ಬಡಿಯುತ್ತಿತ್ತು.

ಐದು ಕೋಣೆಯ ಮನೆ ಬಿಟ್ಟು ಇಲ್ಲಿಗೆ ಬಂದವರು ಡ್ರಿಲ್ ಟೀಚರಮ್ಮ ಮತ್ತು ಅವರ ಯಜಮಾನರು. ಟೀಚರಮ್ಮ ಇಪ್ಪತ್ತೊಂಬತ್ತು ವರ್ಷ ಶಾಲೆಯ ಮೈದಾನದಲ್ಲಿ ಕವಾಯತು ಮಾಡಿಸಿದವರು. ಆ ತುದಿಯಲ್ಲಿ ಮೂಗಿಗೆ ಬೆರಳು ಹಾಕಿ ನಿಂತವನನ್ನು ಈ ತುದಿಯಿಂದಲೇ ಬೈಯಬಲ್ಲ ಗಂಟಲು ಅವರದು. ಯಜಮಾನರು ಮೂವತ್ನಾಲ್ಕು ವರ್ಷ ದೂರದೂರಿನ ರೈಲುಗಳ ಅಡುಗೆ ಬೋಗಿಯಲ್ಲಿ ಬೆಂದವರು. ಮೊಣಕೈ ಅಗಲಿಸಿದರೆ ಎರಡೂ ಗೋಡೆಗೆ ತಾಗುವ ಜಾಗದಲ್ಲಿ ನಿಂತು ಮುನ್ನೂರು ಜನಕ್ಕೆ ಅಡುಗೆ ಮಾಡಿದವರು. ಹನ್ನೊಂದು ದಿನ ರೈಲು, ನಾಲ್ಕು ದಿನ ಮನೆ. ಈ ನಾಲ್ಕು ನಾಲ್ಕು ದಿನಗಳಲ್ಲೇ ಒಬ್ಬ ಮಗಳು ಹುಟ್ಟಿ, ಬೆಳೆದು, ಮದುವೆಯಾಗಿ ಗಂಡನ ಮನೆಗೂ ಹೋಗಿಯಾಗಿತ್ತು.

"ಇಬ್ಬರಿಗೆ ಐದು ಕೋಣೆ ಯಾಕೆ? ಮಾರಿ ಚಿಕ್ಕದೊಂದು ನೋಡೋಣ. ಚಿಕ್ಕ ಜಾಗದಲ್ಲಿ ಬದುಕೋದು ನಂಗೆ ನೀರು ಕುಡಿದ ಹಾಗೆ" ಎಂದರು ಯಜಮಾನರು, ನಿವೃತ್ತಿಯಾದ ಮರುವಾರವೇ.

ಟೀಚರಮ್ಮನಿಗೂ ಐದು ಕೋಣೆ ಗುಡಿಸಿ ಒರೆಸಿ ಸೊಂಟ ಬಿದ್ದುಹೋಗಿತ್ತು. ಆದರೂ ಅಷ್ಟು ಸುಲಭಕ್ಕೆ ಹೂಂ ಅನ್ನುವ ಜೀವವಲ್ಲ ಅದು. "ನಲವತ್ತು ದಿನ ಇದ್ದು ನೋಡ್ತೀನಿ. ಆಗಲ್ಲ ಅನ್ನಿಸಿದ್ರೆ ಗಂಟುಮೂಟೆ ಕಟ್ಟಿ ವಾಪಸ್" ಎಂದರು. ಹಳೆಯ ಮನೆ ಕೊಳ್ಳಲು ಬಂದಿದ್ದ ಬಟ್ಟೆ ಅಂಗಡಿಯವನು ನಲವತ್ತು ದಿನ ಕಾಯಲು ಒಪ್ಪಿದ. ಅದರ ಮೇಲೆ ಒಂದು ದಿನವೂ ಕಾಯುವುದಿಲ್ಲ ಅಂದ. ಇವರು ಸದ್ಯಕ್ಕೆ ಈ ಕೋಣೆಯನ್ನು ಬಾಡಿಗೆಗೆ ಹಿಡಿದರು.

ಸಾಮಾನು ವಿಂಗಡಿಸುವಾಗ ಯಜಮಾನರು ಬೋಗಿಯ ಕಾನೂನು ತಂದರು: ತಿಂಗಳಿಡೀ ಕೈ ಮುಟ್ಟದ ವಸ್ತು ಮುಂದಿನ ಸ್ಟೇಷನ್ನಿನಲ್ಲಿ ಇಳಿಯಬೇಕು. ಮೂರು ಮಂಚ ಇಳಿದವು. ಎರಡು ಕಪಾಟು ಇಳಿದು ಟೀಚರಮ್ಮನ ತಂಗಿಯ ಮನೆ ಸೇರಿದವು. ಹನ್ನೊಂದು ಕುರ್ಚಿ ಶಾಲೆಗೆ ಹೋದವು. ಯಾರೋ ಕೊಟ್ಟ, ಯಾರೂ ಬಿಚ್ಚದ ಉಡುಗೊರೆಯ ಪೆಟ್ಟಿಗೆಗಳಂತೂ ಬಂದ ಹಾಗೇ ಕಾಗದ ಸಮೇತ ಬೇರೆಯವರಿಗೆ ಉಡುಗೊರೆಯಾಗಿ ಹೋದವು. ಟೀಚರಮ್ಮ ಬೈದುಕೊಂಡೇ ಎಲ್ಲವನ್ನೂ ಸಾಗಹಾಕಿದರು. ಕೊನೆಗೆ ಮೈ ಹಗುರಾದದ್ದೂ ನಿಜ, ಆದರೆ ಅದನ್ನು ಬಾಯಿಬಿಟ್ಟು ಹೇಳಲಿಲ್ಲ.

ಹೊಸ ಮನೆಯಲ್ಲಿ ಯಜಮಾನರದೇ ದರ್ಬಾರು. ಪ್ರತಿ ಹಲಗೆಗೂ ಎರಡು ಬೆರಳೆತ್ತರದ ಅಂಚುಪಟ್ಟಿ ಹೊಡೆದರು. ಲೋಟಗಳು ಕೊಕ್ಕೆಯಲ್ಲಿ ನೇತಾಡಿದವು. ಎಣ್ಣೆ ಬಾಟಲಿಗಳಿಗೆ ಅಡ್ಡಲಾಗಿ ಹಗ್ಗ ಬಿಗಿದರು.

"ರೀ, ಈ ಮನೆ ಎಲ್ಲಿಗೆ ಓಡುತ್ತೆ? ಬಾಟಲಿಗೆ ಯಾಕೆ ಹಗ್ಗ?"

"ಅಭ್ಯಾಸ ಕಣೆ. ತಟ್ಟಂತ ಬ್ರೇಕ್ ಹಾಕಿದ್ರೆ?"

"ಯಾರು ಹಾಕ್ತಾರೆ? ಮೇಲಿನ ಮನೆ ನರ್ಸಮ್ಮನಾ?"

ನಗುವ ಮಾತು ನಗುವುದಕ್ಕಾಯಿತು. ಮನೆ ಮಾತ್ರ ಒಪ್ಪವಾಗಿತ್ತು. ಟೀ ಕುದಿಯುವಷ್ಟರಲ್ಲಿ ಮನೆಯಿಡೀ ಗುಡಿಸಿ ಮುಗಿಯುತ್ತಿತ್ತು. ಕನ್ನಡಕ ಕಳೆದರೆ ನಿಂತಲ್ಲೇ ಒಂದು ಸುತ್ತು ತಿರುಗಿದರೆ ಸಾಕು, ಸಿಕ್ಕಿತು. ಗೋಡೆಗೆ ಮಡಚುವ ಮೇಜು, ಮೇಜಿನ ಮೇಲೆ ಬೆಳಗಿನ ಬಿಸಿಲು.

ಕಿರಿಕಿರಿ ಇದ್ದದ್ದು ಯಜಮಾನರ ಬಾಯಲ್ಲಿ. ಬೋಗಿಯಲ್ಲಿ ಬಿಸಿ ಪಾತ್ರೆ ಹಿಡಿದವನದೇ ದಾರಿ. ಅವನು "ಹಿಂದೆ ಬಿಸಿ!" ಎಂದು ಕೂಗಿದರೆ ಉಳಿದವರು ಹಲ್ಲಿಯ ಹಾಗೆ ಗೋಡೆಗೆ ಅಂಟಿಕೊಳ್ಳಬೇಕು. ಇಲ್ಲಿ ಉಳಿದವರು ಅಂದರೆ ಟೀಚರಮ್ಮ ಒಬ್ಬರೇ. ದಿನಕ್ಕೆ ಹದಿನೈದು ಸಲ ಅಂಟಿಕೊಂಡರು.

ಜೊತೆಗೆ ಆ ಕೈಗೆ ಸಣ್ಣ ಅಳತೆಯೇ ಗೊತ್ತಿರಲಿಲ್ಲ. ಮುನ್ನೂರು ಜನರ ಅಡುಗೆ ಮಾಡಿದವರು ಎಷ್ಟು ಕೈ ಬಿಗಿಹಿಡಿದರೂ ಇಪ್ಪತ್ತೈದಕ್ಕಿಂತ ಕೆಳಗೆ ಇಳಿಯಲಾರದೆ ಹೋದರು. ಮೊದಲ ವಾರ ಮಾಡಿದ ತರಕಾರಿ ಸೂಪು ಪಾತ್ರೆ ತುಂಬಿ, ಕುಡಿಯುವ ನೀರಿನ ಜಗ್ಗು ತುಂಬಿ, ಹೂದಾನಿಯನ್ನೂ ತುಂಬಿತು. ಇನ್ನು ಬಚ್ಚಲ ಬಕೆಟ್ಟಿನ ಮೇಲೆ ಕಣ್ಣು ಬಿದ್ದಾಗ ಟೀಚರಮ್ಮ ಅದರ ಮೇಲೆ ಕುಳಿತುಬಿಟ್ಟರು. ಕೊನೆಗೆ ನಾಲ್ಕು ಮಹಡಿಯ ಬಾಗಿಲುಗಳನ್ನೂ ತಟ್ಟಿ ಹಂಚಿದರು. ಸಂಜೆಯೊಳಗೆ ಕಟ್ಟಡಕ್ಕೆಲ್ಲ ಅವರು ರೈಲು ಮಾವ ಆದರು.

ಇಪ್ಪತ್ತೆರಡನೆಯ ದಿನ ಟೀಚರಮ್ಮನ ತಾಳ್ಮೆ ಕಟ್ಟೆಯೊಡೆಯಿತು. ತಲೆ ಬಾಚಿಕೊಳ್ಳುತ್ತಿದ್ದಾಗ ಮೂರು ಸಲ "ಹಿಂದೆ ಬಿಸಿ" ಬಂತು. ಮೂರನೆಯ ಸಲ ಬಾಚಣಿಗೆ ಸೂಪಿಗೇ ಬಿತ್ತು. ಯಜಮಾನರು ಬ್ರೆಡ್ ತರಲು ಹೋದದ್ದೇ ತಡ, ಟೀಚರಮ್ಮ ತಂಗಿಗೆ ಫೋನು ಮಾಡಿದರು.

"ನನ್ನ ಕೈಲಾಗಲ್ಲ ಕಣೇ! ಮನೆ ಹೇಗೋ ನಡಿಯುತ್ತೆ. ಇವರು! ನಿಂತ್ರೆ ಅಡ್ಡ, ಕೂತ್ರೆ ಅಡ್ಡ! ಮಂಚ ಕೊಟ್ಟೆ, ಕಪಾಟು ಕೊಟ್ಟೆ, ಎಲ್ಲಕ್ಕಿಂತ ದೊಡ್ಡ ಸಾಮಾನು ಮಾತ್ರ ಇಲ್ಲೇ ಉಳ್ಕೊಂಡಿದೆ!"

ತಂಗಿ ಬಿದ್ದು ಬಿದ್ದು ನಕ್ಕಳು. ಟೀಚರಮ್ಮನೂ ನಕ್ಕರು. ನಕ್ಕ ಮೇಲೆ ಸಿಟ್ಟು ಇಳಿಯಿತು. ಸ್ವಲ್ಪ ಹೊತ್ತಿಗೆ ಯಜಮಾನರು ಬಂದು ಬ್ರೆಡ್ ಇಟ್ಟು, ಚೀಲವನ್ನು ನಾಲ್ಕು ಮಡಿಕೆ ಮಾಡಿ ಎತ್ತಿಟ್ಟರು. ಬಿಸಿ ಪಾತ್ರೆಯನ್ನು ಸದ್ದಿಲ್ಲದೆ ದಾಟಿಸಿದರು.

ಮರುದಿನ ಬೆಳಿಗ್ಗೆ ಎಂಟಕ್ಕೆ ನೀರಿನ ಬಾಟಲಿ ಹಿಡಿದು ಹೊರಟರು. "ಒಂದು ಸುತ್ತು ಹೋಗಿ ಬರ್ತೀನಿ." ಸುತ್ತು ಮುಗಿದದ್ದು ಸಂಜೆ ಆರಕ್ಕೆ. ಅದರ ಮರುದಿನವೂ ಅಷ್ಟೇ.

ಟೀಚರಮ್ಮನಿಗೆ ಸ್ವರ್ಗಕ್ಕೆ ಮೂರೇ ಗೇಣು. ಎರಡೂ ಕೈ ಅಗಲಿಸಿ ಗಾಳಿಯಲ್ಲಿ ಚಕ್ರ ತಿರುಗಿಸಿದರು, ಯಾರ ಮೂಗಿಗೂ ತಾಗಲಿಲ್ಲ. ಎರಡು ಮೊಟ್ಟೆಯ ಆಮ್ಲೆಟ್ ಮಾಡಿ, ಅಳತೆ ಅಂದರೆ ಇದು ಎಂದು ತಮಗೆ ತಾವೇ ಹೇಳಿಕೊಂಡು ತಿಂದರು. ನಾಲ್ಕು ದಿನ ಹೀಗೆ ನಡೆಯಿತು.

ಐದನೆಯ ದಿನ ಪತ್ರಿಕೆಯಲ್ಲಿ ಏನೋ ತಮಾಷೆ ಓದಿ "ರೀ, ಇದು ಕೇಳಿ" ಎಂದು ತಲೆ ಎತ್ತಿದರು. ಎದುರಿಗೆ ಕೊಕ್ಕೆಯಲ್ಲಿ ಲೋಟ ನೇತಾಡುತ್ತಿತ್ತು. ಅವತ್ತಿನಿಂದ ಕೋಣೆ ದಿನದಿನಕ್ಕೆ ದೊಡ್ಡದಾಗತೊಡಗಿತು. ಮಧ್ಯಾಹ್ನದ ಹೊತ್ತು ಹಳೆಯ ಮನೆಯ ಐದು ಕೋಣೆಗಳ ಸದ್ದಿಲ್ಲದ ಸದ್ದು ಇಲ್ಲಿಗೂ ಬಂದು ಕುಳಿತಿತು. ಅದನ್ನು ಟೀಚರಮ್ಮ ಚೆನ್ನಾಗಿ ಬಲ್ಲರು. ಹನ್ನೊಂದು ಹನ್ನೊಂದು ದಿನ ಅದರ ಜೊತೆಗೇ ಬಾಳಿದವರು. ಇವರಿಗೆ ಮನೆ ಬೇಜಾರಾಯಿತು, ರೈಲಿನ ಹುಚ್ಚು ಇನ್ನೂ ಬಿಟ್ಟಿಲ್ಲ ಎಂದುಕೊಂಡರು. ಕೇಳೋಣವೆಂದರೆ ಅಭಿಮಾನ ಅಡ್ಡ ಬಂತು. ದಿನವೂ ಮುಖ ಊದಿಸಿಕೊಂಡೇ ಸಂಜೆಯ ಟೀ ಕೊಟ್ಟರು.

ಮೂವತ್ತೊಂಬತ್ತನೆಯ ದಿನ ಬೆಳಿಗ್ಗೆ ನರ್ಸಮ್ಮ ಮೆಟ್ಟಿಲಲ್ಲಿ ಸಿಕ್ಕಳು. "ಟೀಚರಮ್ಮ, ಮಾವ ಯಾರನ್ನ ಕಾಯ್ತಿರ್ತಾರೆ? ನಾನು ಡ್ಯೂಟಿಗೆ ಹೋಗೋವಾಗ್ಲೂ ಬರೋವಾಗ್ಲೂ ಸ್ಟೇಷನ್ನಲ್ಲಿ ಕೂತಿರ್ತಾರಲ್ಲ. ಎರಡನೇ ಪ್ಲಾಟ್‌ಫಾರ್ಮು, ಕೊನೇ ಬೆಂಚು."

ಟೀಚರಮ್ಮ ಮನೆ ಬಾಗಿಲಿಗೆ ಓಡಿದರು. ಒಂದು ಕಾಲಿಗೆ ತಮ್ಮ ಚಪ್ಪಲಿ, ಇನ್ನೊಂದಕ್ಕೆ ಗಂಡನದು ಮೆಟ್ಟಿಕೊಂಡು ಹೊರಟರು.

ಯಜಮಾನರು ಬೆಂಚಿನ ಒಂದು ತುದಿಗೆ, ಪಕ್ಕದಲ್ಲಿ ಇನ್ನೂ ಮೂವರು ಕೂರುವಷ್ಟು ಜಾಗ ಬಿಟ್ಟು, ಮುದುಡಿ ಕುಳಿತಿದ್ದರು. ಹೆಂಡತಿಯನ್ನು ಕಂಡು ಎದ್ದು ನಿಂತರು.

"ಏನ್ರೀ ಇದು? ಮನೆ ಅಷ್ಟು ಬೇಜಾರಾಯ್ತಾ? ರೈಲು ನೋಡದಿದ್ರೆ ನಿದ್ದೆ ಬರಲ್ವಾ?"

"ರೈಲು ಯಾರಿಗೆ ಬೇಕು ಮಾರಾಯ್ತಿ. ಮೂವತ್ನಾಲ್ಕು ವರ್ಷ ನೋಡಿಲ್ವಾ?"

"ಮತ್ತೆ?"

ಯಜಮಾನರು ಬಾಟಲಿಯ ಮುಚ್ಚಳ ತಿರುಗಿಸಿದರು. "ನೀನು ತಂಗಿಗೆ ಫೋನಲ್ಲಿ ಹೇಳಿದ್ದು ಕೇಳಿಸ್ತು. ಎರಡು ಮಹಡಿ ಕೆಳಗೆ ಮೆಟ್ಟಿಲಲ್ಲಿದ್ದೆ. ನಿನ್ನ ಗಂಟಲು ಗೊತ್ತಲ್ಲ. ನೀನು ಹೇಳಿದ್ದು ಸುಳ್ಳೇನಲ್ಲ. ಅಷ್ಟು ಚಿಕ್ಕ ಜಾಗದಲ್ಲಿ ನಾನೇ ಹೆಚ್ಚು. ನಾನು ಇಳಿದ್ರೆ ನಿಂಗೆ ಕೈಕಾಲು ಆಡಿಸೋಕೆ ಜಾಗ ಆಗುತ್ತೆ, ನಾಳೆ ಹೂಂ ಅಂತೀಯ ಅಂದ್ಕೊಂಡೆ."

"ಹೂಂ ಅಂದ ಮೇಲೆ?"

"ಹೀಗೇ. ಬೆಳಿಗ್ಗೆ ಬರೋದು, ಸಂಜೆ ಹೋಗೋದು. ಚಳಿಗಾಲಕ್ಕೆ ವೇಟಿಂಗ್ ರೂಮಿದೆ, ನೋಡ್ಕೊಂಡು ಬಂದಿದೀನಿ."

ಟೀಚರಮ್ಮನಿಗೆ ನಗು ಮೊದಲು ಬಂತೋ ಅಳು ಮೊದಲು ಬಂತೋ ಅವರಿಗೇ ತಿಳಿಯಲಿಲ್ಲ. "ಅಷ್ಟು ಕಷ್ಟಪಟ್ಟು ಆ ಗೂಡಲ್ಲೇ ಯಾಕ್ರೀ ಇರ್ಬೇಕು? ದೊಡ್ಡ ಮನೆಗೇ ಹೋಗಿದ್ರೆ ಆಗ್ತಿತ್ತಲ್ಲ."

"ಆ ಮನೇಲಿ ನಾಲ್ಕು ದಿನಕ್ಕೆ ಅಂತ ಬರ್ತಿದ್ದೆ. ನೀನು ಯಾವ ಕೋಣೇಲಿದೀಯ ಅಂತ ಹುಡುಕೋದ್ರಲ್ಲೇ ಎರಡು ದಿನ ಹೋಗೋದು" ಎಂದರು ಯಜಮಾನರು. "ಇಲ್ಲಿ ಕಣ್ಣು ಬಿಟ್ರೆ ಇರ್ತೀಯ."

ಟೀಚರಮ್ಮ ಸೆರಗಿನಲ್ಲಿ ಮೂಗು ಒರೆಸಿಕೊಂಡು ಅಲ್ಲೇ ಬಟ್ಟೆ ಅಂಗಡಿಯವನಿಗೆ ಫೋನು ಹಚ್ಚಿದರು. "ನಾಳೆ ತನಕ ಯಾಕಪ್ಪಾ, ಮನೆ ನಿಂದೇ ಅಂದ್ಕೋ! ನಮಗೆ ಚಿಕ್ಕ ಮನೇನೇ ಸಾಕು!" ಮೊದಲನೆಯ ಪ್ಲಾಟ್‌ಫಾರ್ಮಿನಲ್ಲಿ ನಿಂತವರೂ ತಿರುಗಿ ನೋಡಿದರು. ಕೂಲಿಯೊಬ್ಬ ಹೊತ್ತ ಪೆಟ್ಟಿಗೆಯ ಕೆಳಗಿನಿಂದಲೇ ಇವರಿಗೆ ಶುಭವಾಗಲಿ ಎಂದ.

ದಾರಿಯುದ್ದಕ್ಕೂ ಟೀಚರಮ್ಮ ಬೈದರು. ಹದಿನೇಳು ದಿನದ ಬಾಕಿ ಬೈಗುಳ ಇತ್ತು. ಸೂಪಿನ ಅಳತೆಗೆ ಬೈದರು, ಬಾಟಲಿಯ ಹಗ್ಗಕ್ಕೆ ಬೈದರು, ಬಾಯಿಬಿಟ್ಟು ಹೇಳದೆ ಬೆಂಚು ಹಿಡಿದದ್ದಕ್ಕೆ ಎಲ್ಲಕ್ಕಿಂತ ಹೆಚ್ಚು ಬೈದರು. ಯಜಮಾನರು ಹಸನ್ಮುಖಿಯಾಗಿ ಹೂಂಗುಟ್ಟುತ್ತ ಬಂದರು.

ಮನೆಯ ಬಾಗಿಲು ಒಬ್ಬರು ಹೋಗುವಷ್ಟೇ ಅಗಲ. ಯಜಮಾನರು ಎಂದಿನಂತೆ ಪಕ್ಕಕ್ಕೆ ಸರಿದು ಗೋಡೆಗೆ ಬೆನ್ನು ಹಚ್ಚಿದರು.

"ಸರೀಬೇಡಿ" ಎಂದು ಟೀಚರಮ್ಮ ಅವರ ಮೊಣಕೈ ಹಿಡಿದರು. ಇಬ್ಬರೂ ಅಡ್ಡ ತಿರುಗಿ, ಉಸಿರು ಬಿಗಿಹಿಡಿದು, ಒಟ್ಟಿಗೇ ಒಳಗೆ ಹೋದರು.