ಊದಿ ನೋಡಿ ಬಾಸ್

ಅಪೇನಿಸಾ ಹನ್ನೊಂದು ಕಿಲೋಮೀಟರು ನಡೆದು ನನ್ನ ಗ್ಯಾರೇಜಿಗೆ ಬಂದ. ಕಾಲಲ್ಲಿ ರಬ್ಬರ್ ಚಪ್ಪಲಿ, ಮೈಮೇಲೆ ದೊಡ್ಡ ದೊಡ್ಡ ದಾಸವಾಳದ ಅಂಗಿ. ಹೋಟೆಲಿನ ಅತಿಥಿಗಳ ಕಣ್ಣಿಗೆ ಚೆನ್ನಾಗಿ ಕಾಣಲೆಂದು ಅವನ ಬಾಸ್ ಹೊಲಿಸಿಕೊಟ್ಟ ಅಂಗಿ ಅದು. ಬೆವರಿಗೆ ದಾಸವಾಳಗಳೆಲ್ಲ ಬೆನ್ನಿಗೆ ಅಂಟಿಕೊಂಡಿದ್ದವು. ಹಿಮ್ಮಡಿ ಒಡೆದು ರಕ್ತ ಜಿನುಗುತ್ತಿತ್ತು.

ಅವನು ಓಡಿಸುತ್ತಿದ್ದ ಕಾರು ಮಾತ್ರ ಅವನಿಗಿಂತ ಮೊದಲೇ ಟೋ ಲಾರಿಯ ಮೇಲೆ ಕೂತು ಸುಖವಾಗಿ ಬಂದಿತ್ತು. ಏರಿನಲ್ಲಿ ಅದು ಸೈರನ್ನಿನಂತೆ ಕೂಗಿ, ನೀಲಿ ಹೊಗೆ ಉಗುಳಿ ನಿಂತುಬಿಟ್ಟಿತಂತೆ. ಒಳಗೆ ವಿಮಾನ ಹಿಡಿಯಲು ಹೊರಟ ನಾಲ್ವರು ಅತಿಥಿಗಳು. ಬಾಸ್ ರಾಮಲಗನ್ ಇನ್ನೊಂದು ಕಾರು ತರಿಸಿ ಅತಿಥಿಗಳನ್ನು ಹತ್ತಿಸಿಕೊಂಡ, ಅವರ ಪೆಟ್ಟಿಗೆಗಳನ್ನೂ ಹತ್ತಿಸಿಕೊಂಡ. ಅಪೇನಿಸಾನಿಗೆ ಜಾಗ ಇರಲಿಲ್ಲವೆಂದಲ್ಲ. ನಡೆದು ಬಂದರೆ ಬುದ್ಧಿ ಬರುತ್ತದೆ ಎಂದನಂತೆ.

ನಾನು ನೀರು ಕೊಟ್ಟು, ಬುದ್ಧಿ ಬಂತೇ ಎಂದು ಕೇಳಿದೆ.

"ಬಂತು ದೊರಸಾಮಿ ಭಯ್ಯಾ. ಬಾಸ್ ಕಾರು ಓಡಿಸೋನು ಮನೆಯಿಂದ ಹೊರಡುವಾಗ್ಲೇ ಶೂ ಹಾಕ್ಕೋಬೇಕು ಅಂತ."

ನಮ್ಮ ದ್ವೀಪದ ನಾಂದಿ ಊರಿನಲ್ಲಿ ರಾಮಲಗನ್‌ಗೆ ಐದು ಡೀಸೆಲ್ ಕಾರುಗಳಿವೆ. ಐದೂ ಜಪಾನಿನಲ್ಲಿ ಓಡಿ ಸವೆದು ಹಡಗು ಹತ್ತಿ ಬಂದವು. ಕಡಲ ದಂಡೆಯ ದೊಡ್ಡ ಹೋಟೆಲೊಂದರ ಅತಿಥಿಗಳನ್ನು ಸಾಗಿಸುವ ಗುತ್ತಿಗೆ ಅವನದು. ಅವನ ಅಂಗಳದಲ್ಲಿ ಒಂದು ಬೋರ್ಡು ನೇತಾಡುತ್ತಿತ್ತು: ಕಾರು ನಿಂತ ತಕ್ಷಣ ಇಂಜಿನ್ ಆಫ್. ಡೀಸೆಲ್ ನಿಮ್ಮಪ್ಪನದಲ್ಲ. ಇಂಜಿನ್ ಆಯಿಲ್ ಬದಲಿಸುವ ವಿಷಯದಲ್ಲಿ ಅವನದೇ ಒಂದು ಶಾಸ್ತ್ರ. ಅಳತೆಕಡ್ಡಿ ಎಳೆದು, ಮೂಸಿ ನೋಡಿ, ಇನ್ನೂ ಎಳೇದಾಗಿದೆ, ಎರಡು ತಿಂಗಳು ಓಡಲಿ ಎನ್ನುತ್ತಿದ್ದ. ಅದು ಡಾಂಬರಿನಷ್ಟು ಕಪ್ಪಗಿರುತ್ತಿತ್ತು.

ಅಪೇನಿಸಾ ಓಡಿಸಿದ ಆ ಒಂದೇ ಕಾರಿನಲ್ಲಿ ಹದಿನಾಲ್ಕು ತಿಂಗಳಲ್ಲಿ ಕೆಟ್ಟ ಮೂರನೇ ಟರ್ಬೊ ಇದು. ಮೊದಲನೆಯದು ಹೋದಾಗ ಧರ್ಮೇನನ ಕೆಲಸ ಹೋಯಿತು. ಎರಡನೆಯದಕ್ಕೆ ವಿಲಿಕೇಸನ ಕೆಲಸ. ಬಾನೆಟ್ ಎತ್ತದೆಯೇ ಕಾಯಿಲೆ ಹೇಳುವ ವಿದ್ಯೆ ರಾಮಲಗನ್‌ಗೆ ಒಲಿದಿತ್ತು. ಎರಡು ಸಲವೂ ಅವನು ಹೇಳಿದ್ದು ಒಂದೇ: ಡ್ರೈವರು ಆಕ್ಸಿಲರೇಟರ್ ಒತ್ತಿ ಓಡಿಸಿದ್ದಾನೆ.

ನನಗೆ ಆ ವಿದ್ಯೆ ಇಲ್ಲ. ನಾನು ಬಿಚ್ಚಿಯೇ ನೋಡಬೇಕು.

ಮೊದಲು ಗಾಳಿಯ ಹೋಸುಗಳನ್ನು ನೋಡಿದೆ. ಎಷ್ಟೋ ಸಲ ಹೋಸು ಸೀಳಿ ಗಾಳಿ ಸೋರುತ್ತದೆ, ಜನ ಟರ್ಬೊವನ್ನು ಬೈಯುತ್ತಾರೆ. ಹೋಸು ಸೀಳಿರಲಿಲ್ಲ, ಆದರೆ ಒಳಗೆಲ್ಲ ಆಯಿಲ್. ಟರ್ಬೊದ ಬಾಯಿಗೆ ಬೆರಳು ಹಾಕಿ ಚಕ್ರ ಅಲುಗಿಸಿದೆ. ಹಳೇ ಹಲ್ಲಿನಂತೆ ಅತ್ತಿತ್ತ ಆಡಿತು. ರೆಕ್ಕೆಗಳು ಗೋಡೆಗೆ ಉಜ್ಜಿ ಮೊಂಡಾಗಿದ್ದವು. ಕಳಚಿ ನೋಡಿದರೆ ನಡುವಿನ ದಂಡ ಸುಟ್ಟು ನೀಲಿಯಾಗಿತ್ತು.

ಟರ್ಬೊ ಎಂದರೆ ಇಂಜಿನ್ನಿನ ಹೊಗೆಯಿಂದಲೇ ತಿರುಗಿ ಇಂಜಿನ್ನಿಗೆ ಗಾಳಿ ನೂಕುವ ಚಕ್ರ. ನಿಮಿಷಕ್ಕೆ ಲಕ್ಷ ಸುತ್ತು. ಅಷ್ಟು ದುಡಿಯುವ ಪ್ರಾಣಿ ಕೇಳುವುದು ಒಂದೇ, ಕುಡಿಯಲು ಒಂದಿಷ್ಟು ಆಯಿಲ್. ಅದನ್ನು ತರುವುದು ಒಂದು ಗೇಣಿನ ಸಣ್ಣ ಕಬ್ಬಿಣದ ಪೈಪು. ನಾನು ಆ ಪೈಪು ಬಿಚ್ಚಿ ಒಂದು ತುದಿಗೆ ಸೀಮೆಎಣ್ಣೆ ಹುಯ್ದೆ. ಇನ್ನೊಂದು ತುದಿಯಿಂದ ಒಂದು ಹನಿಯೂ ಬೀಳಲಿಲ್ಲ. ಹಳೇ ಆಯಿಲ್, ಮೇಲಿಂದ ಕೆಂಡದಂಥ ಇಂಜಿನ್ನನ್ನು ತಟ್ಟನೆ ಆಫ್ ಮಾಡುವ ನಿಯಮ. ಆಯಿಲ್ ಒಳಗೇ ಸೀದು ಇದ್ದಿಲಾಗಿತ್ತು.

"ಇದು ಒತ್ತಿದ್ದಕ್ಕೆ ಸತ್ತಿಲ್ಲ, ಬಾಯಾರಿ ಸತ್ತಿದೆ," ಎಂದೆ.

ಅಪೇನಿಸಾ ಪೈಪನ್ನು ಎತ್ತಿ ಬೆಳಕಿಗೆ ಹಿಡಿದ. ಆಮೇಲೆ ಮೆಲ್ಲಗೆ ಕೇಳಿದ, "ಭಯ್ಯಾ, ಹಿಂದಿನ ಎರಡೂ?"

ಇಲ್ಲಿ ನನ್ನ ತಪ್ಪನ್ನೂ ಹೇಳಬೇಕು. ಆ ಎರಡನ್ನೂ ಬದಲಿಸಿದವನು ನಾನೇ. ಹೊಸ ಗ್ಯಾಸ್ಕೆಟ್ ಹಾಕಿದೆ, ಟರ್ಬೊದ ಬಾಯಿಗೆ ಆಯಿಲ್ ಹನಿಸಿ ಬೆರಳಿನಿಂದ ಚಕ್ರ ತಿರುಗಿಸಿದೆ, ಬೋಲ್ಟುಗಳನ್ನು ಲೆಕ್ಕವಾಗಿ ಬಿಗಿದೆ. ಪೈಪನ್ನೂ ಬದಲಿಸೋಣ ಎಂದೆ. ರಾಮಲಗನ್ ನಕ್ಕ.

"ಪೈಪು ತಿರುಗುತ್ತೇನೋ? ತಿರುಗದಿರೋ ಸಾಮಾನು ಯಾವತ್ತೂ ಸವೆಯಲ್ಲ."

ಎಲ್ಲೂ ತಿರುಗದೆ ಕುರ್ಚಿಯಲ್ಲಿ ಕೂತು ಹೊಳೆಯುತ್ತಿದ್ದ ಅವನನ್ನು ನೋಡಿದರೆ ಮಾತು ನಿಜವೇ ಅನ್ನಿಸುತ್ತಿತ್ತು. ನಾನು ತಂತಿ ತೂರಿಸಿ, ಸೂಜಿಯಷ್ಟು ದಾರಿ ಮಾಡಿ, ಅದೇ ಪೈಪು ಕೂರಿಸಿದೆ. ಧರ್ಮೇನ್ ಹೋದ, ವಿಲಿಕೇಸ ಹೋದ. ನಾನು ಬಾಯಿ ಬಿಡಲಿಲ್ಲ. ನನ್ನ ಗ್ಯಾರೇಜಿಗೆ ಬರುವ ಕಾರುಗಳಲ್ಲಿ ಅರ್ಧ ಅವನವು.

ಸಂಜೆ ರಾಮಲಗನ್ ಹೊಸ ಟರ್ಬೊದ ಪೆಟ್ಟಿಗೆ ಹಿಡಿದು ಬಂದ. ಪೈಪು ತೋರಿಸಿದೆ. ನೋಡಲಿಲ್ಲ. ಹಳೇ ಪೈಪಿನ ಮೇಲೆ ಹೊಸದನ್ನು ಕೂರಿಸುವುದಿಲ್ಲ ಎಂದೆ. ಅದನ್ನು ಕೇಳಿಸಿಕೊಳ್ಳಲೂ ಇಲ್ಲ. ಅವನಿಗೆ ಬೇರೆಯೇ ತುರ್ತು. ವಿಮಾನ ತಪ್ಪಿದ ಅತಿಥಿಗಳು ದೂರು ಕೊಟ್ಟಿದ್ದರು. ಹೋಟೆಲಿನ ಲಿಟಿಯಾ ಮೇಡಂ, ತಪ್ಪು ಯಾರದೆಂದು ತಿಳಿಯದೆ ಗುತ್ತಿಗೆ ಮುಂದುವರಿಸುವುದಿಲ್ಲ ಎಂದಿದ್ದರಂತೆ.

ಅಪೇನಿಸಾನ ಜನರ ಭಾಷೆಯಲ್ಲಿ ರಾಮಲಗನ್‌ಗೆ ನಾಲ್ಕು ಪದ ಬರುತ್ತಿತ್ತು: ಬಾ, ಹೋಗು, ಬೇಗ, ಸೊರೋ. ಕುಟ್ಟಿ ನೀರಿಗೆ ಕಲಸಿ ಕುಡಿಯುವ ಯಂಗೋನ ಬೇರಿನ ಕಟ್ಟು ಮುಂದಿಟ್ಟು, ಮಂಡಿಯೂರಿ ತಪ್ಪೊಪ್ಪಿಕೊಳ್ಳುವುದು ಸೊರೋ.

"ಭಾನುವಾರ ಮೇಡಂ ಮುಂದೆ ನನಗೆ ಸೊರೋ ಮಾಡು. ನಾನೇ ಒತ್ತಿ ಕೆಡಿಸಿದೆ ಅನ್ನು. ನಿಮ್ಮ ಪದ್ಧತೀನೇ ತಾನೆ? ಮಾಡಿದ್ರೆ ಕಾರು ತೊಳೆಯೋ ಕೆಲಸ ಕೊಡ್ತೀನಿ. ಇಲ್ದಿದ್ರೆ ಸಿಂಗಟೋಕದವರೆಗೆ ಯಾವ ಅಂಗಳದಲ್ಲೂ ನಿನಗೆ ಕಾರಿನ ಕೀಲಿ ಸಿಗಲ್ಲ."

ಅವನು ಹೋದ ಮೇಲೆ ನಾನೊಂದು ಉಪಾಯ ಹೇಳಿದೆ. ಬೇರಿನ ಕಟ್ಟಿನೊಳಗೆ ಪೈಪು ಬಚ್ಚಿಡೋಣ, ಬಿಚ್ಚಿದಾಗ ಅವನ ಮುಖ ನೋಡೋಣ. ಅಪೇನಿಸಾ ತಲೆಯಾಡಿಸಿದ.

"ಯಂಗೋನ ಕೈಯಲ್ಲಿ ಹಿಡಿದು ಸುಳ್ಳು ಹೇಳೋ ಹಾಗಿಲ್ಲ ಭಯ್ಯಾ. ಬಚ್ಚಿಡೋದೂ ಸುಳ್ಳೇ."

"ಹಾಗಾದ್ರೆ ಏನು ಹೇಳ್ತೀಯ?"

"ತಪ್ಪು ಮಾಡಿದ್ದೀನಲ್ಲ, ಅದನ್ನ ಹೇಳ್ತೀನಿ."

ಇವನು ಒಪ್ಪಿಕೊಂಡುಬಿಡುತ್ತಾನೆ ಎಂದು ನನಗೆ ಹೆದರಿಕೆಯಾಯಿತು. ಅವನು ಮಾತ್ರ ಧರ್ಮೇನ್, ವಿಲಿಕೇಸರ ಮನೆ ಎಲ್ಲಿ ಎಂದು ವಿಚಾರಿಸಿಕೊಂಡು, ಭಾನುವಾರ ಪೈಪು ತರಲು ಹೇಳಿ ಕುಂಟುತ್ತ ಹೋದ.

ಭಾನುವಾರ ಮಧ್ಯಾಹ್ನ ರಾಮಲಗನ್‌ನ ಅಂಗಳದ ಮಾವಿನ ಮರದಡಿ ಚಾಪೆ ಹಾಸಿತ್ತು. ಇಸ್ತ್ರಿ ಅಂಗಿ ತೊಟ್ಟು, ಮದುವೆ ಗಂಡಿನಂತೆ ಅವನು ಚಾಪೆಯ ತಲೆಯಲ್ಲಿ ಕೂತಿದ್ದ. ಪಕ್ಕದಲ್ಲಿ ಲಿಟಿಯಾ ಮೇಡಂ. ಉಳಿದ ನಾಲ್ವರು ಡ್ರೈವರುಗಳು ಸಾಲಾಗಿ. ಈಗ ಬಸ್ ನಿಲ್ದಾಣದಲ್ಲಿ ಕಡಲೆ ಮಾರುವ ಧರ್ಮೇನ್, ಜಲ್ಲಿ ಹೊರುವ ವಿಲಿಕೇಸ ಬಂದು ಕೂತಾಗ ಬಾಸ್ ಹುಬ್ಬು ಗಂಟಿಕ್ಕಿದ.

"ಇವರನ್ನ ಯಾರು ಕರೆದದ್ದು?"

"ನಾನೇ ಬಾಸ್," ಎಂದ ಅಪೇನಿಸಾ.

ಬೇರಿನ ಕಟ್ಟು ಎರಡೂ ಕೈಯಲ್ಲಿ ಹಿಡಿದು ಮಂಡಿಯೂರಿದ. ರಾಮಲಗನ್ ಆಗಲೇ ಕೈ ಚಾಚಿದ್ದ. ಅಪೇನಿಸಾ ಮಂಡಿಯ ಮೇಲೆಯೇ ತಿರುಗಿ, ಕಟ್ಟನ್ನು ಧರ್ಮೇನ್, ವಿಲಿಕೇಸರ ಮುಂದೆ ಇಟ್ಟ. ಬಾಸ್‌ನ ಕೈ ಗಾಳಿಯಲ್ಲೇ ಉಳಿಯಿತು.

"ನಿಮ್ಮ ಸೀಟಿನಲ್ಲಿ ಕೂತೆ. ನೀವೇ ಒತ್ತಿ ಕೆಡಿಸಿದ್ರಿ ಅಂತ ಬಾಸ್ ಹೇಳಿದ್ದನ್ನ ಊರಲ್ಲೆಲ್ಲ ನಾನೂ ಹೇಳಿದೆ. ಅದು ಸುಳ್ಳು. ನನ್ನ ತಪ್ಪು ಅದು. ಕ್ಷಮಿಸಿ."

ವಿಲಿಕೇಸ ಕಟ್ಟನ್ನು ಮುಟ್ಟಿ, ಕ್ಷಮಿಸಿದೆ ಎನ್ನಲು ಅಂಗೈ ಬಟ್ಟಲು ಮಾಡಿ ಮೂರು ಸಲ ಚಪ್ಪಾಳೆ ತಟ್ಟಿದ. ಕಣ್ಣೊರೆಸಿಕೊಂಡು ಧರ್ಮೇನನೂ ತಟ್ಟಿದ.

ಇನ್ನು ನಾನು ಕೂತಿರುವುದು ಸರಿಯಲ್ಲ ಅನ್ನಿಸಿತು. ಅಪೇನಿಸಾನ ಪಕ್ಕ ಮಂಡಿಯೂರಿ, ತಂತಿ ತೂರಿಸಿದ ಕಥೆಯೆಲ್ಲ ಹೇಳಿ, ಜೇಬಿನಿಂದ ಪೈಪು ತೆಗೆದೆ.

"ಪೈಪಿಗೇನಾಗಿದೆ? ನೆಟ್ಟಗಿದೆಯಲ್ಲ," ಎಂದ ರಾಮಲಗನ್.

ಧರ್ಮೇನ್ ಅದನ್ನು ಇಸಿದುಕೊಂಡು ಬಾಯಿಗಿಟ್ಟು ಊದಿದ. ಕೆನ್ನೆ ಉಬ್ಬಿತು, ಗಾಳಿ ಆಚೆ ಬರಲಿಲ್ಲ. ವಿಲಿಕೇಸನಿಗೆ ಕೊಟ್ಟ. ಅವನು ಊದಿ ನನಗೆ ಕೊಟ್ಟ, ನಾನೂ ಊದಿದೆ. ಯಂಗೋನ ಕುಡಿಯುವ ಚಿಪ್ಪು ಕೈಯಿಂದ ಕೈಗೆ ಹೋಗುವಂತೆ ಪೈಪು ಚಾಪೆಯ ಸುತ್ತ ಹೊರಟಿತು. ಊದಿದವರ ತುಟಿಗೆಲ್ಲ ಕಪ್ಪು ಉಂಗುರ. ನಾಲ್ವರು ಡ್ರೈವರುಗಳು ಒಬ್ಬೊಬ್ಬರಾಗಿ ಊದಿದರು, ಒಬ್ಬೊಬ್ಬರಾಗಿ ಜೇಬಿನಿಂದ ಕೀಲಿ ತೆಗೆದು ಬೇರಿನ ಕಟ್ಟಿನ ಪಕ್ಕ ಇಟ್ಟರು. ಹೊಸ ಪೈಪು ಬರಬೇಕು, ಆ ಬೋರ್ಡು ಇಳಿಯಬೇಕು, ಮೂವರ ಹೆಸರಿಗಂಟಿದ ಮಸಿ ತೊಳೆಯಬೇಕು. ಆಮೇಲೆ ಕೀಲಿ ಮುಟ್ಟುತ್ತೇವೆ ಎಂದ ಅವರಲ್ಲಿ ಹಿರಿಯ. ಲಿಟಿಯಾ ಮೇಡಂ ಲಿಪ್‌ಸ್ಟಿಕ್ ಹಚ್ಚಿದ್ದರು. ಅದರ ಮೇಲೆಯೇ ಇಟ್ಟು ಊದಿದರು. ಬಾಯಿ ಒರೆಸಿಕೊಳ್ಳದೆ ಹೇಳಿದರು.

"ನಾಳೆ ಬೆಳಗ್ಗೆ ಏಳಕ್ಕೆ ನನಗೆ ನಾಲ್ಕು ಕಾರು ಬೇಕು ಮಿಸ್ಟರ್ ರಾಮಲಗನ್. ಓಡಿಸೋರು ಯಾರು?"

ಪೈಪು ಅಪೇನಿಸಾನ ಕೈಗೆ ಬಂದಿತ್ತು. ಅವನು ಊದಿ, ತುದಿಯನ್ನು ದಾಸವಾಳದ ಅಂಗಿಗೆ ಒರೆಸಿ, ಹಿರಿಯರಿಗೆ ಚಿಪ್ಪು ಕೊಡುವಂತೆ ಎರಡೂ ಕೈಯಲ್ಲಿ ಹಿಡಿದು ಮುಂದೆ ಚಾಚಿದ.

"ಊದಿ ನೋಡಿ ಬಾಸ್."

ರಾಮಲಗನ್ ಪೈಪು ಇಸಿದುಕೊಂಡ. ಕರವಸ್ತ್ರದಿಂದ ಒರೆಸಿದ. ತಿರುಗಿಸಿ ಆ ತುದಿಯನ್ನೂ ಒರೆಸಿದ. ಮತ್ತೆ ಈ ತುದಿ ಒರೆಸಿದ. ನಾವು ಅಂಗೈ ಬಟ್ಟಲು ಮಾಡಿಕೊಂಡು, ಅವನು ಊದಿದ ಮೇಲೆ ತಟ್ಟೋಣವೆಂದು ಕಾಯುತ್ತಿದ್ದೆವು. ಆ ಚಾಪೆಯ ಮೇಲೆ ಕಪ್ಪು ಹತ್ತದ ಬಾಯಿ ಅವನದೊಂದೇ.