ಮೂರ್ತಿಯ ಅಡಿಯ ಮೈಕು

ನನ್ನ ಟ್ರಕ್ಕಿನ ವಯರ್‌ಲೆಸ್ ರೇಡಿಯೊ ಸರಿಯಿಲ್ಲ ಎಂದು ಯಾರಾದರೂ ಹೇಳಿದರೆ ನನಗೆ ಮೈಯೆಲ್ಲ ಉರಿಯುತ್ತಿತ್ತು. ಹಾಗೆ ಹೇಳದ ಡ್ರೈವರ್ ಗಲ್ಫಿನ ನಮ್ಮ ಅಲ್ ಕುಸೈಸ್ ಟ್ರಕ್ ಯಾರ್ಡಿನಲ್ಲಿ ಒಬ್ಬನೂ ಇರಲಿಲ್ಲ. ನೀನು ಮಾತಾಡಿದರೆ ಕೇಳುವುದಿಲ್ಲ ಜುವಾಕಿಂ, ಸಂಜೆಯಾದರೆ ಚಾನೆಲ್ ತುಂಬ ಗೊರಗೊರ ಎಂದು ಪಠಾಣ್ ಡ್ರೈವರ್ ದೂರಿದಾಗ, ನಿನ್ನ ಕಿವಿಯಲ್ಲಿ ಮರಳು ತುಂಬಿದೆ, ತೊಳೆದುಕೊಂಡು ಬಾ ಎಂದು ಅವನಿಗೇ ಬೈದಿದ್ದೆ.

ಕೊನೆಗೆ ಮಾಲೀಕರಾದ ಅಬೂಬಕರ್ ಸಾಹೇಬರೇ ಕರೆದು ಹೇಳಿದರು. ಭಟ್ಕಳದ ನವಾಯತರು, ಮೆತ್ತಗಿನ ಮನುಷ್ಯ.

"ಮಂಜು ಬೀಳೋ ಟೈಮು ಬಂತು. ಅಬುಧಾಬಿ ರೋಡಲ್ಲಿ ಮುಂದಿನ ಗಾಡಿ ಕಾಣೋದಿಲ್ಲ, ರೇಡಿಯೊನೇ ನಿಮಗೆಲ್ಲ ಕಣ್ಣು. ಮೊದಲು ಸರಿ ಮಾಡಿಸ್ಕೋ."

ಯಾರ್ಡಿಗೆ ರೇಡಿಯೊ ರಿಪೇರಿಗೆ ಬರುವವನು ಕಜೆತಾನ್, ನನ್ನ ಹಾಗೆಯೇ ಶಿರ್ವದವನು. ಅವನು ಆಂಟೆನಾದ ಬುಡ ಬಿಚ್ಚಿ, "ಎಂತ ಮಾರಾಯಾ, ಇಲ್ಲಿಗೂ ಪೇಂಟ್ ಬಳಿದಿದ್ದೀರಿ! ಕಬ್ಬಿಣಕ್ಕೆ ಕಬ್ಬಿಣ ತಾಗದೆ ಅರ್ತ್ ಹೇಗೆ ಸಿಗ್ತದೆ?" ಎಂದ. ಪೇಂಟ್ ಕೆರೆದು ಬಿಗಿ ಮಾಡಿದ, ಬಾಗಿಲ ಸಂದಿಯಲ್ಲಿ ಸಿಕ್ಕಿ ಜಜ್ಜಿಹೋಗಿದ್ದ ಕೇಬಲ್ ಬದಲಿಸಿದ. ಮಾತಾಡಿ ನೋಡಿದರೆ ಆಫೀಸಿನ ದೊಡ್ಡ ರೇಡಿಯೊದಲ್ಲಿ ನನ್ನ ಸ್ವರ ಇಗರ್ಜಿಯ ಗಂಟೆಯ ಹಾಗೆ ಕೇಳಿಸಿತು. ನಾನು ಎದೆಯುಬ್ಬಿಸಿಕೊಂಡು ಹೊರಟೆ.

ಸಂಜೆ ಸ್ವಲ್ಪ ಹೊತ್ತು ಟ್ರಕ್ಕುಗಳಿಗೆ ರಸ್ತೆ ಬಂದ್. ಆಗ ಯಾರ್ಡಿಗೆ ಸಮೀಪದಲ್ಲೇ ಬದಿಗೆ ನಿಲ್ಲಿಸಿ ನಾನು ತೇರ್ಸ್ ಪ್ರಾರ್ಥನೆ ಮಾಡುತ್ತೇನೆ. ಜಪಸರ ಹಿಡಿದು, ಊರಿನ ಮನೆಯಲ್ಲಿ ಮಾಡುವಂತೆಯೇ ಕೊಂಕಣಿಯಲ್ಲಿ, ದೊಡ್ಡ ಸ್ವರದಲ್ಲಿ. ಎದುರಿಗೆ ಡ್ಯಾಶ್‌ಬೋರ್ಡಿನ ಮೇಲೆ, ಆ ಹೊತ್ತಿಗೆ ಮಾತ್ರ ತೆಗೆದು ಇಡುವ ವೇಲಂಕಣಿ ಮಾತೆಯ ಮೂರ್ತಿ. ಕೊನೆಯಲ್ಲಿ ಒಬ್ಬೊಬ್ಬರ ಹೆಸರು ಹೇಳಿ ಬೇಡುವುದು ನಮ್ಮ ಕ್ರಮ. ಅವತ್ತು ಒಂದು ಹೆಸರು ಹೊಸದಾಗಿ ಸೇರಿತ್ತು.

ನನ್ನ ಹೆಂಡತಿ ಮಾರ್ಟಿನಾ ಆಸ್ಪತ್ರೆಯೊಂದರಲ್ಲಿ ನರ್ಸ್. ಸಾಹೇಬರ ಹೆಂಡತಿ ನಫೀಸಾಬಾಯಿಗೆ ಎದೆಯಲ್ಲಿ ಕ್ಯಾನ್ಸರ್ ಎಂದು ಅಲ್ಲಿ ಗೊತ್ತಾಗಿತ್ತು. ಮಗಳು ಮರ್ಯಮ್‌ಳ ಮದುವೆ ಮುಗಿಯುವವರೆಗೆ ಗಂಡನಿಗೆ ತಿಳಿಯಬಾರದು ಎಂದು ಆ ತಾಯಿ ಮಾರ್ಟಿನಾಳ ಕೈ ಹಿಡಿದುಕೊಂಡು ಅತ್ತಿದ್ದರು. ಮಾರ್ಟಿನಾ ತಡೆಯಲಾರದೆ ನನಗೊಬ್ಬನಿಗೆ ಹೇಳಿ, "ಎಲ್ಲಿಯಾದ್ರೂ ಬಾಯಿಬಿಟ್ಟೀರಿ ಮತ್ತೆ! ನನ್ನ ಕೆಲಸ ಹೋಗ್ತದೆ, ನಫೀಸಾಬಾಯಿಗೆ ಕೊಟ್ಟ ಮಾತೂ ಹೋಗ್ತದೆ" ಎಂದಿದ್ದಳು. ನಾನು ಬಾಯಿಬಿಟ್ಟದ್ದು ದೇವಮಾತೆಯ ಮುಂದೆ ಮಾತ್ರ.

ಮರುದಿನ ಯಾರ್ಡಿನಲ್ಲಿ ಗಲಾಟೆಯೋ ಗಲಾಟೆ. ಸಂಜೆ ಯಾರೋ ಚಾನೆಲ್ ಹಿಡಿದುಕೊಂಡು ಬಿಡಲೇ ಇಲ್ಲವಂತೆ, ಉಳಿದವರಿಗೆ ಒಂದು ಮಾತಾಡಲೂ ಆಗಲಿಲ್ಲವಂತೆ. ಎಲ್ಲರೂ ನನ್ನನ್ನೇ ನೋಡಿದರು. ನಿನ್ನ ರಿಪೇರಿಯೇ ಹಾಳು ಎಂದು ನಾನು ನೇರ ಕಜೆತಾನನ ಮೇಲೆ ಹರಿಹಾಯ್ದೆ. ಅವನಿಗೂ ಸಿಟ್ಟು ಬಂತು.

"ಸಂಜೆ ಎಂತೆಂತ ಮಾಡ್ತಿ, ಎಲ್ಲ ಮಾಡಿ ತೋರಿಸು" ಎಂದು ಕೈರೇಡಿಯೊ ಹಿಡಿದು ಪಕ್ಕದ ಸೀಟಿನಲ್ಲಿ ಕೂತ.

ಮಾಡಿ ತೋರಿಸಿದೆ. ಮೂರ್ತಿ ಇಟ್ಟೆ. ಡ್ಯಾಶ್‌ಬೋರ್ಡು ಇಳಿಜಾರು. ರೇಡಿಯೊದ ಮೈಕು, ಕೊಕ್ಕೆ ಮುರಿದ ಮೇಲೆ, ಅಲ್ಲೇ ಬಿದ್ದಿರುತ್ತಿತ್ತು. ಮೂರ್ತಿ ಜಾರದಿರಲೆಂದು ಯಾವತ್ತಿನ ಹಾಗೆ ಆ ಮೈಕನ್ನೇ ಅದರ ಅಡಿಗೆ ಒತ್ತಾಗಿ ಕೊಟ್ಟೆ. ಕಜೆತಾನನ ಕೈಯಲ್ಲಿದ್ದ ರೇಡಿಯೊ ಕಿವಿ ಹರಿಯುವಂತೆ ಕಿರುಚಿತು. ಅವನು ಮೂರ್ತಿ ಎತ್ತಿದ, ಕಿರುಚಾಟ ನಿಂತಿತು. ಇಟ್ಟ, ಮತ್ತೆ ಕಿರುಚಿತು.

"ದೇವಾ! ಮಾತಾಡುವ ಬಟನಿನ ಮೇಲೆ ಮಾತೆಯನ್ನು ಕೂರಿಸಿದ್ದೀಯಲ್ಲಾ! ನಿನ್ನ ತೇರ್ಸ್ ಇಡೀ ಯಾರ್ಡಿಗೆ ಕೇಳಿದೆ!" ಅವನು ಹೊಟ್ಟೆ ಹಿಡಿದುಕೊಂಡು ನಕ್ಕ. "ಮೊದಲು ಆಂಟೆನಾ ಹಾಳಾಗಿ ಬರೀ ಗೊರಗೊರ. ಈಗ ನಾನೇ ಸರಿ ಮಾಡಿ ಕೊಟ್ಟೆ. ಹೆದರಬೇಡ, ಪಠಾಣನಿಗೆ ಕೊಂಕಣಿ ಎಲ್ಲಿ ಅರ್ಥ ಆಗ್ತದೆ?"

ಪಠಾಣನಿಗೆ ಅರ್ಥವಾಗುವುದಿಲ್ಲ. ನವಾಯತಿ ಮಾತಾಡುವವರಿಗೆ ಆಗುತ್ತದೆ, ಅದೂ ಒಂದು ಬಗೆಯ ಕೊಂಕಣಿಯೇ. ಸಾಹೇಬರು ಅವರ ಮಾತಿನಲ್ಲಿ, ನಾನು ನನ್ನ ಮಾತಿನಲ್ಲಿ, ಹಾಗೆಯೇ ಎಷ್ಟು ಸಲ ಹರಟಿದ್ದೇವೆ! ನಿನ್ನೆ ನಾನು ಬೇಡಿದ್ದೇನು? ನಫೀಸಾಬಾಯಿಯ ಎದೆಯ ಕ್ಯಾನ್ಸರ್ ಗುಣಮಾಡು ತಾಯೇ, ಮಗಳ ಮದುವೆ ಮುಗಿಯುವವರೆಗೆ ಗಂಡನಿಗೆ ತಿಳಿಯದ ಹಾಗೆ ನೋಡಿಕೋ. ಅಯ್ಯೋ, ನನ್ನ ಬಾಯಿಗೆ ಬೆಂಕಿ ಬೀಳಲಿ!

ಆಫೀಸಿಗೆ ಓಡಿದೆ. ಸಾಹೇಬರು ದೊಡ್ಡ ರೇಡಿಯೊದ ಮುಂದೆಯೇ ಕೂತಿದ್ದರು. ಕುಡಿಯದೆ ಬಿಟ್ಟ ಟೀ ಕೆನೆಗಟ್ಟಿತ್ತು. ತಲೆಯೆತ್ತಿ ನನ್ನನ್ನು ನೋಡಿದರು.

"ಯಾವ ನಫೀಸಾ, ಜುವಾಕಿಂ?"

ಲೋಕದಲ್ಲಿ ಆ ಹೆಸರಿನವರು ಎಷ್ಟಿಲ್ಲ! ಯಾರದ್ದೋ ಹೆಸರು ಹೇಳಿದ್ದರೆ ಅವರು ನಂಬುತ್ತಿದ್ದರು, ನಂಬಲಿಕ್ಕೇ ಕಾದು ಕೂತಿದ್ದರು. ಊರಿಗೆಲ್ಲ ಬೈಯುವ ನನ್ನ ನಾಲಿಗೆ ಆಗ ಹೊರಳಲಿಲ್ಲ. ನನ್ನ ಮುಖ ನೋಡುತ್ತ ನೋಡುತ್ತ ಅವರ ಮುಖ ಬಿಳಿಚಿಕೊಂಡಿತು.

"ಹಲ್ಲುನೋವು ಅಂದಿದ್ಲು ನನ್ನ ಹತ್ರ," ಎಂದರು. "ಹಲ್ಲಿಗೆ ಎಷ್ಟು ಸಲ ಆಸ್ಪತ್ರೆಗೆ ಓಡ್ತೀ, ಮದುವೆ ಕೆಲಸ ಯಾರು ನೋಡೋದು ಅಂತ ಮೊನ್ನೆ ಬೈದ್ಬಿಟ್ಟೆ."

"ಸಾಹೇಬ್ರೇ, ಮಾರ್ಟಿನಾ..."

"ಅವಳ ಹೆಸರು ನನ್ನ ಬಾಯಿಂದ ಬರೋದಿಲ್ಲ. ನೀನೂ ನನಗೆ ಏನೂ ಹೇಳಿಲ್ಲ. ಖಲಾಸ್."

ಅಷ್ಟರಲ್ಲಿ ಅವರ ಫೋನು ಬಡಿದುಕೊಂಡಿತು. ನಫೀಸಾಬಾಯಿಯದೇ. ಸಾಹೇಬರು ಅಂಗಿಯ ತೋಳಿನಿಂದ ಮುಖ ಒರೆಸಿಕೊಂಡು, ಗಂಟಲು ಸರಿಮಾಡಿಕೊಂಡು ಎತ್ತಿದರು.

"ಹಾಂ, ಹೇಳು," ಎಂದರು, ದಿನಾ ಮಾತಾಡುವ ಸ್ವರದಲ್ಲೇ. "ಹಲ್ಲುನೋವು ಕಮ್ಮಿ ಆಯ್ತಾ?"